ಸೊನ್ನೆ ಸರಾಸರಿಯ ಕುಕ್ಕರ್

ಭಾಗಾಕಾರ ಎಂಬ ಲೆಕ್ಕ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಶಾಲೆಯಲ್ಲಿ ಅದು ಬರುತ್ತಿರಲಿಲ್ಲ ಅನ್ನುವ ಕಾರಣಕ್ಕಲ್ಲ. ಬರುತ್ತಿರಲಿಲ್ಲ ಅನ್ನುವುದೂ ನಿಜವೇ. ಎಂಬತ್ತರ ದಶಕದಲ್ಲಿ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಭಾನುವಾರ ಬಂತೆಂದರೆ ಕಾರ್ಖಾನೆ ತಂಡದ ಬೌಲರ್, ಕ್ಯಾಪ್ಟನ್ನೂ ನಾನೇ. ಆ ವರ್ಷ ನಮ್ಮ ಲೀಗಿನಲ್ಲಿ ಅತ್ಯುತ್ತಮ ಬೌಲಿಂಗ್ ಸರಾಸರಿಗೆ ಪ್ರೆಷರ್ ಕುಕ್ಕರ್ ಬಹುಮಾನ ಅಂದರು. ಕೊಟ್ಟ ರನ್ನನ್ನು ಕಿತ್ತ ವಿಕೆಟ್ಟಿನಿಂದ ಭಾಗಿಸುವುದು. ಯಾರದು ಎಲ್ಲಕ್ಕಿಂತ ಕಡಿಮೆಯೋ ಕುಕ್ಕರ್ ಅವನದು.

ನಮ್ಮ ಮನೆಯಲ್ಲಿ ಆಗ ಸೀಮೆಎಣ್ಣೆ ಸ್ಟೌ. ಬೇಳೆ ಬೇಯುವಷ್ಟರಲ್ಲಿ ಹೆಂಡತಿ ಸಾವಿತ್ರಿಯ ಕಣ್ಣು ಕೆಂಪಾಗುತ್ತಿತ್ತು. "ಕುಕ್ಕರ್ ಬಂತು ಅಂತ್ಲೇ ತಿಳ್ಕೊ" ಎಂದುಬಿಟ್ಟೆ. ಅವಳು ಆರ್.ಟಿ. ನಗರದ ನಮ್ಮ ವಠಾರಕ್ಕೆಲ್ಲ ಸಾರಿ, ಶೆಲ್ಫಿನಲ್ಲಿ ಜಾಗವನ್ನೂ ಮಾಡಿಟ್ಟಳು. ನಾನೋ ಇಡೀ ಸೀಸನ್ ಎದುರುಗಾಳಿಗೆ ಓಡಿ ಓಡಿ ಬೌಲ್ ಮಾಡಿದೆ. ಪಿಚ್ಚಿಗೆ ಮ್ಯಾಟ್ ಹಾಸಿ ಮೊಳೆ ಹೊಡೆಯುತ್ತಿದ್ದವನೂ ನಾನೇ. ವಿಕೆಟ್ ಕೀಪರ್ ಬಷೀರ್ ಹೇಳಿದ್ದ: "ಕುಕ್ಕರ್ ನಿಮ್ದೇ ಅಣ್ಣಾ. ಆದ್ರೆ ಅದ್ರಲ್ಲಿ ಬಿರಿಯಾನಿ ಮಾತ್ರ ಮಾಡ್ಬೇಡಿ."

ಬಹುಮಾನದ ದಿನ ಸಾವಿತ್ರಿ ರೇಷ್ಮೆ ಸೀರೆಯುಟ್ಟು, ದೊಡ್ಡ ಬಟ್ಟೆ ಚೀಲ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೈಕಿನಲ್ಲಿ ಕೂಗಿದ್ದು ಪ್ರಭಾಕರನ ಹೆಸರು! ಈ ಪ್ರಭಾಕರ ನಮ್ಮ ಕಾರ್ಖಾನೆ ಮ್ಯಾನೇಜರ ಭಾಮೈದ, ನಮ್ಮ ತಂಡದವನೇ. ಸೀಸನ್ನಿಗೆಲ್ಲ ಹಾಕಿದ್ದು ಒಂದೇ ಓವರ್, ಅದೂ ಗೆದ್ದೇಬಿಟ್ಟಿದ್ದ ಮ್ಯಾಚಿನಲ್ಲಿ, ಬ್ಯಾಟ್ ಹಿಡಿಯಲೂ ಬಾರದ ಕೊನೆಯವನಿಗೆ. ರನ್ ಸೊನ್ನೆ, ವಿಕೆಟ್ ಒಂದು, ಸರಾಸರಿ ಸೊನ್ನೆ. ಅದಕ್ಕಿಂತ ಕಡಿಮೆ ದೇವರು ಬೌಲ್ ಮಾಡಿದರೂ ಬರುವುದಿಲ್ಲ.

ನಾನು ಸೀದಾ ಲೀಗ್ ಕಾರ್ಯದರ್ಶಿಯ ಮೇಲೆ ಹರಿಹಾಯ್ದೆ. "ಏನ್ ಸಾರ್ ಇದು ಅನ್ಯಾಯ? ಒಂದ್ ಓವರ್ ಹಾಕ್ದೋನಿಗೆ ಕುಕ್ಕರ್, ಸೊಂಟ ಮುರ್ಕೊಂಡೋನಿಗೆ ಚಪ್ಪಾಳೇನಾ?"

"ಇಷ್ಟ್ ಓವರ್ ಹಾಕಿರ್ಲೇಬೇಕು ಅಂತ ರೂಲ್ಸಲ್ಲಿ ಇಲ್ವಲ್ರೀ" ಅಂತ ಅವರು ಕನ್ನಡಕ ಒರೆಸಿಕೊಂಡರು. ಅಷ್ಟರಲ್ಲಿ ಪ್ರಭಾಕರ ಕುಕ್ಕರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, "ನೀವಿಲ್ದಿದ್ರೆ ಇದು ಬರ್ತಾನೇ ಇರ್ಲಿಲ್ಲ ಗುರು" ಎಂದ. ಗೆದ್ದದ್ದಲ್ಲದೆ ಗೇಲಿ ಬೇರೆ!

ಮನೆಗೆ ಹೋಗುವ ಬಸ್ಸಿನಲ್ಲಿ ಮ್ಯಾನೇಜರು, ಭಾಮೈದ, ಕಾರ್ಯದರ್ಶಿ, ಕೊನೆಗೆ ನನಗೆ ಭಾಗಾಕಾರ ಕಲಿಸಿದ ಮೇಷ್ಟರು, ಒಬ್ಬರನ್ನೂ ಬಿಡದೆ ಬೈದೆ. ಸಾವಿತ್ರಿ ಖಾಲಿ ಚೀಲವನ್ನು ಮಡಿಚುತ್ತಿದ್ದಳು.

"ಅಲ್ಲಾರೀ, ಅವನಿಗೆ ಆ ಓವರ್ ಕೊಟ್ಟಿದ್ಯಾರು?"

"ನಾನೇ. ಮ್ಯಾನೇಜರ್ ನೋಡ್ತಾ ಕೂತಿದ್ರು ಕಣೇ, ಏನ್ ಮಾಡ್ಲಿ?"

"ಹಾರಿ ಕ್ಯಾಚ್ ಹಿಡಿದೆ ಅಂತ ಮೊಣಕೈಗೆ ಅರಿಶಿನ ಹಚ್ಚಿಸ್ಕೊಂಡ್ರಲ್ಲ, ಅದು ಇದೇ ಓವರಿನದು ತಾನೇ?"

ನಾನು ಅಂಗಿಯ ತೋಳನ್ನು ಮೊಣಕೈ ಮುಚ್ಚುವವರೆಗೆ ಎಳೆದುಕೊಂಡೆ. ಆ ಒಂದು ಕ್ಯಾಚ್ ಬಿಟ್ಟಿದ್ದರೆ ಅವನಿಗೆ ವಿಕೆಟ್ಟೂ ಇಲ್ಲ, ಭಾಗಿಸಲು ಏನೂ ಇಲ್ಲ. ಸಿಟ್ಟೇನೋ ಒಂದಿಷ್ಟೂ ಇಳಿದಿರಲಿಲ್ಲ. ಆದರೆ ಬೈಯಲು ಇನ್ನು ಉಳಿದಿದ್ದವನು ನಾನೊಬ್ಬನೇ.