ಅತ್ತೆಯ ತವರಿಗೆ ದೋಣಿಯಲ್ಲಿ ಹೋದ ಮಾವ

ನಮ್ಮ ಸೋದರಮಾವನಷ್ಟು ದೊಡ್ಡ ನಾವಿಕ ಕೆಜಿಎಫ್ ತಾಲ್ಲೂಕಿನಲ್ಲೇ ಇಲ್ಲ. ಈಜು ಬರುವುದಿಲ್ಲ ಅನ್ನುವುದೊಂದು ಬಿಟ್ಟರೆ ಬೇರೆ ಯಾವ ಕೊರತೆಯೂ ಇಲ್ಲ! ಟ್ಯಾಂಕರ್ ಬಂದರೆ ಕೊಡ ಹಿಡಿದು ಓಡುವ ನಮ್ಮ ಸೀಮೆಯಲ್ಲಿ, ಕ್ಯಾಸಂಬಳ್ಳಿ ಕಡೆಯ ಹಳ್ಳಿಯಲ್ಲಿ ಹಸು ಕಟ್ಟಿಕೊಂಡಿರುವ ಮನುಷ್ಯ ಕಯಾಕ್ ಕೊಂಡರೆ ಜನ ಸುಮ್ಮನಿರುತ್ತಾರೆಯೇ? ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕೂತು ಹುಟ್ಟು ಹಾಕುವ, ಬಾಳೆಕಾಯಿಯಂಥ ದೋಣಿ ಅದು. ಮಾವ ಮೊಬೈಲಿನಲ್ಲಿ ವೀಡಿಯೋ ನೋಡುತ್ತಾ, ಕೊಟ್ಟಿಗೆಯ ಬಾನಿಯ ಅಂಚಿನ ಮೇಲೆ ಕೂತು ಪೊರಕೆ ಬೀಸಿ ಅಭ್ಯಾಸ ಮಾಡಿದ. ಹಸುಗಳು ಬೆದರಿ ಒಂದು ವಾರ ಸರಿಯಾಗಿ ಹಾಲು ಕೊಡಲಿಲ್ಲ.

ಈ ವರ್ಷ ಮಳೆ ಚೆನ್ನಾಗಿ ಬಿದ್ದು ಕೆರೆಗಳೆಲ್ಲ ಕೋಡಿ ಹರಿದವು, ಒಂದರ ನೀರು ಇನ್ನೊಂದಕ್ಕೆ. ತನ್ನೂರ ಕೆರೆಯಲ್ಲಿ ಇಳಿದು, ಕೆರೆಯಿಂದ ಕೆರೆಗೆ ಹುಟ್ಟು ಹಾಕುತ್ತಾ, ಮೂರನೇ ದಿನ ಅತ್ತೆಯ ತವರೂರು ಸೇರುತ್ತೇನೆಂದು ಮಾವ ಘೋಷಿಸಿದ. ಮದುವೆಯಾದಾಗಿನಿಂದ ಅಲ್ಲಿನ ಬಾಮೈದುನರು ಅವನನ್ನು ‘ತಿಕ್ಕಲು ಭಾವ’ ಎಂದೇ ಕರೆಯುವುದು. ಅವರೆಲ್ಲ ಕೆರೆಯ ಏರಿಯ ಮೇಲೆ ನಿಂತು ನೋಡುವಂತೆ, ಬೆಳಕಿರುವಾಗಲೇ ತಲುಪಬೇಕು. ಅಷ್ಟೇ ಅವನ ಆಸೆ. ಅತ್ತೆಗೋ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತವರಿನಲ್ಲಿ ನನ್ನ ಮಾನ ಉಳಿಸು ಎಂದು ಬೇಡಿಕೊಂಡು, ಕೊನೆಗೆ ಮಾತು ಬಿಟ್ಟು, ಬಸ್ಸು ಹತ್ತಿ ಮುಂಚೆಯೇ ಹೋಗಿಬಿಟ್ಟಳು. ಮುಂದಿನ ಸೀಟಿಗೆ ಸಿಕ್ಕಿದ್ದು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವ, ರಜ ಹಾಕಿ ಬಂದ ಮೂರ್ಖ. ನಾನೇ!

ಮೂರನೇ ದಿನದ ಪಾಡು ಯಾರಿಗೂ ಬೇಡ. ಎದುರುಗಾಳಿಗೆ ಎಷ್ಟು ಹುಟ್ಟು ಹಾಕಿದರೂ ದಡದ ಜಾಲಿಮರ ಅಲ್ಲೇ ನಿಂತಿರುತ್ತಿತ್ತು. ಅಂಗೈ ಬೊಬ್ಬೆ ಎದ್ದು ಒಡೆದಿತ್ತು. “ಗಾಳೀನೂ ನಮ್ ಬಾಮೈದುನ್ರ ಕಡೇದೇ ಕಣ್ಲಾ,” ಅಂದ ಮಾವ. ನೀರು ಸಾಲದ ಕಾಲುವೆಗಳಲ್ಲಿ ದೋಣಿಯನ್ನು ತಲೆಯ ಮೇಲೆ ಹೊತ್ತು ನಡೆದೆವು. ಹಸು ಮೇಯಿಸುತ್ತಿದ್ದ ಹೆಂಗಸೊಬ್ಬಳು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಇದೇನೆಂದು ಕೇಳಿದಳು. ಮಾವ ದೋಣಿ ಇಳಿಸಿ, ಸಾವಧಾನವಾಗಿ ಎಲ್ಲವನ್ನೂ ವಿವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡು, ಆ ಊರಿಗೆ ಬಸ್ಸಿಲ್ಲವಾ ಅಂದಳು. ಅಲ್ಲಿಂದ ಮುಂದೆ ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೇ ಹುಟ್ಟು ಹಾಕಿದೆ.

ಸಂಜೆ ಕೊನೆಯ ಕೆರೆಯ ಮಧ್ಯಕ್ಕೆ ಬಂದಾಗ ನೋಡುತ್ತೇವೆ, ಏರಿಯ ತುಂಬ ಜನ! ಮಾವ ಟೋಪಿ ಸರಿಮಾಡಿಕೊಂಡು ಹುಟ್ಟನ್ನು ಮೇಲೆತ್ತಿ ಬೀಸಿದ. ನಾನೂ ನಾಚಿಕೆ ಬಿಟ್ಟು, ಟವೆಲ್ ತೆಗೆದು ಬೀಸಿದೆ. ಆ ಕಡೆಯಿಂದ ಒಂದು ಕೈಯೂ ಏಳಲಿಲ್ಲ. ಹತ್ತಿರವಾದಂತೆ ಹೆಂಗಸರು ಅಳುತ್ತಿರುವುದು ಕೇಳಿಸಿತು. ದಡ ಮುಟ್ಟಿದಾಗ ಮುದುಕನೊಬ್ಬ ಮೆಲ್ಲಗೆ ಕೇಳಿದ: “ಸಿಕ್ತಾ ಸ್ವಾಮಿ? ಗಂಡ್ಸಾ, ಎಂಗ್ಸಾ?”

ನಮ್ಮ ಕಡೆ ಕೆರೆಗೆ ದೋಣಿ ಇಳಿಯುವುದು ಒಂದೇ ಕಾರಣಕ್ಕೆ, ಮುಳುಗಿದವರ ಹೆಣ ಹುಡುಕುವುದಕ್ಕೆ. ದೋಣಿ ಕಂಡದ್ದೇ ತಡ, ಊರಿಗೆ ಊರೇ ತಮ್ಮ ತಮ್ಮ ಮನೆಯವರ ಹೆಸರು ಕೂಗುತ್ತಾ ಓಡಿಬಂದಿತ್ತು. ಅವರೆದುರು ನಾವು ಟವೆಲ್ ಬೀಸಿದ್ದೆವು! ಭೂಮಿ ಬಾಯಿಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ. ಮಾವ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ.

ಜನರನ್ನು ತಳ್ಳಿಕೊಂಡು ಅತ್ತೆ ಬಂದಳು. ಆ ದಿನ ನೀರಿನ ಮೇಲಿರುವುದು ತನ್ನ ಗಂಡ ಎಂದು ಅವಳಿಗೆ ಗೊತ್ತಿತ್ತಲ್ಲ, ಹೆಣ ಹುಡುಕುವ ದೋಣಿ ಬಂದಿದೆಯೆಂದು ಊರವರು ಕೂಗಿದಾಗ, ಹುಡುಕುತ್ತಿರುವುದು ಈಜು ಬಾರದ ಅವನನ್ನೇ ಎಂದುಕೊಂಡಿದ್ದಳು. ತಮ್ಮಂದಿರು ನೋಡುತ್ತಿರುವಂತೆಯೇ ಮೊಣಕಾಲುದ್ದ ನೀರಿಗೆ ಇಳಿದು ದೋಣಿಯ ಮೂತಿಯನ್ನು ಗಟ್ಟಿಯಾಗಿ ಹಿಡಿದಳು.

“ತಪ್ಪಾಯ್ತು,” ಅಂದ ಮಾವ. “ನಿನ್ ಮಾನ ಕಳ್ದೆ.”

“ಮಾನ ಆಳಾಗೋಗ್ಲಿ. ಇನ್ನೊಂದ್ ಕಿತ ಓಗೋದಾದ್ರೆ ನನ್ನೂ ಕೂರಿಸ್ಕೊಂಡು ಓಗು. ಏರಿ ಮೇಲೆ ನಿಂತ್ಕೊಂಡು ಕಾಯೋಕೆ ನನ್ ಕೈಲಿ ಆಗಲ್ಲ.”

ಮಾವ ತನ್ನ ಲೈಫ್ ಜಾಕೆಟ್ ಬಿಚ್ಚಿ ಅವಳಿಗೆ ತೊಡಿಸಿ, ಒಂದೊಂದೇ ಕೊಂಡಿ ಹಾಕತೊಡಗಿದ. ನಾನು ಮುಂದಿನ ಸೀಟಿನಿಂದ ಇಳಿದೆ.