ಸ್ಕೂಟರಿನ ಹಸಿರು ಬಳಿದ ಪೆಡಲ್

ಮೃತ್ಯುಂಜಯ ಹೊಸದೇನಾದರೂ ಕಂಡುಹಿಡಿದನೆಂದರೆ ಅಕ್ಕಪಕ್ಕದವರು ಒಣಹಾಕಿದ ಬಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಅವನ ಕಾಯಿ ತುರಿಯುವ ಯಂತ್ರ ಅಡುಗೆಮನೆಯ ಗೋಡೆಯನ್ನೂ ತುರಿದದ್ದನ್ನು ಭದ್ರಾವತಿಯ ಆ ಬೀದಿ ಇನ್ನೂ ಮರೆತಿಲ್ಲ. ಆದರೆ ಈ ಸಲ ಅವನ ಅಕ್ಕ ವನಜಾಕ್ಷಿ ತಾನಾಗಿ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ತಮ್ಮನ ತೊಡೆಯ ಮೇಲಿದ್ದದ್ದು ಅವಳ ಗಂಡ ಗಂಗಾಧರನ ಗಿಟಾರು.

ಗಂಗಾಧರ ಊರಿನ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಟ್ರಂಕಿನ ತುಂಬ ಕ್ಯಾಸೆಟ್ಟುಗಳು ಉಳಿದವು. ಅವುಗಳಲ್ಲಿ ಅವನ ಗಿಟಾರಿತ್ತು, ಬೇರೆಯವರ ಹಾಡಿತ್ತು, ಅವನ ದನಿ ಮಾತ್ರ ಎಲ್ಲೂ ಇರಲಿಲ್ಲ. ವನಜಾಕ್ಷಿ ಹುಡುಕಿ ಹುಡುಕಿ ಸೋತಿದ್ದಳು. ಅವರು ಒಂದೇ ಒಂದು ಸಲ ‘ವನಜಾ’ ಅಂದದ್ದು ಕಿವಿಗೆ ಬಿದ್ದರೆ ಸಾಕು, ಇನ್ನೇನೂ ಬೇಡ ಅನ್ನಿಸುತ್ತಿತ್ತು ಅವಳಿಗೆ.

ಮೃತ್ಯುಂಜಯ ಮಾಡಿದ್ದು ಕಾಲಲ್ಲಿ ಒತ್ತುವ ಡಬ್ಬಿ. ಗಿಟಾರಿನವರು ಅದಕ್ಕೆ ಪೆಡಲ್ ಅನ್ನುತ್ತಾರೆ. ಮೀಟಿದ ನಾದವನ್ನು ಹಿಡಿದಿಟ್ಟುಕೊಂಡು ಒಂದು ಕ್ಷಣ ಬಿಟ್ಟು ಪ್ರತಿಧ್ವನಿಯಾಗಿ ಹೊರಡಿಸುವುದು ಅದರ ಕೆಲಸ. ಭಾವನ ತಿಂಡಿ ಡಬ್ಬಿಗೇ ತೂತು ಕೊರೆದು ಸರ್ಕ್ಯೂಟ್ ಕೂರಿಸಿದ್ದ. ಬಣ್ಣ ಮಾತ್ರ ಅಕ್ಕನ ಹಠ: ಗಂಡನ ಸ್ಕೂಟರಿಗೆ ಬಳಿದು ಅಟ್ಟದಲ್ಲಿ ಉಳಿದಿದ್ದ ಹಸಿರೇ ಆಗಬೇಕು. ಅಂದು ಬೆಳಿಗ್ಗೆ ಅವನು ಬಣ್ಣ ಬಳಿದು, ಬಿಸಿಲಿಗಿಟ್ಟು, ಸ್ನಾನಕ್ಕೆ ಹೋದ. ಹೊಸ ವಸ್ತುವಿಗೆ ದೃಷ್ಟಿಯಾದೀತೆಂದು ವನಜಾಕ್ಷಿ ಮನೆಯಲ್ಲಿ ಮಾಡಿದ ಕಾಡಿಗೆಯ ಬೊಟ್ಟಿಟ್ಟಳು. ಹಸಿ ಬಣ್ಣದ ಮೇಲೆ ಬೊಟ್ಟು ಜಾರಿ, ಸ್ವಿಚ್ಚಿನ ತೂತಿನೊಳಗೆ ಮೆಲ್ಲಗೆ ಇಳಿಯಿತು.

ಸಂಜೆಯ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ಊರೇ ಬೆರಗಾಗಲಿದೆ ಎಂದು ದೊಡ್ಡ ಭಾಷಣ ಮಾಡಿ, ಮೃತ್ಯುಂಜಯ ತಂತಿ ಮೀಟಿ ಪೆಡಲ್ ಒತ್ತಿದ. ಸ್ಪೀಕರಿನಿಂದ ಬಂದದ್ದು ಅವನದೇ ಬಚ್ಚಲಮನೆಯ ಹಾಡು! ಮತ್ತೆ ಒತ್ತಿದರೆ ಬೆಳಗಿನ ಕುಕ್ಕರಿನ ಕೂಗು. ತಮಾಷೆ ನೋಡಲು ಬಂದ ಪಕ್ಕದ ಮನೆಯ ಜಲಜಮ್ಮನಿಗೆ ತನ್ನ ದನಿಯೇ ಕೇಳಿಸಿತು. ಹೋದ ತಿಂಗಳು ಇದೇ ವರಾಂಡದಲ್ಲಿ ಕೂತು, ಈ ಮೃತ್ಯುಂಜಯನಿಗೆ ಒಂದು ಸುತ್ತು ಕಮ್ಮಿ ಎಂದು ಅವಳು ವಿವರವಾಗಿ ಹೇಳಿದ್ದಳು. ಜಲಜಮ್ಮನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು.

ಮೃತ್ಯುಂಜಯ ಮುಚ್ಚಳ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡ.

“ಕಾಡಿಗೆ ಅಂದ್ರೆ ಇಂಗಾಲ ಕಣಕ್ಕ, ಅದ್ರಲ್ಲಿ ಕರೆಂಟ್ ಹರಿಯತ್ತೆ. ಪ್ರತಿಧ್ವನಿ ಮುಂದೆ ಬರೋದು ಬಿಟ್ಟು ಹಿಂದೆ ಹಿಂದೆ ಹೋಗ್ತಿದೆ.”

ಅವನು ಕಾಡಿಗೆ ಒರೆಸಲು ಬಟ್ಟೆ ಎತ್ತಿಕೊಂಡ. ವನಜಾಕ್ಷಿ ಅವನ ಮಣಿಕಟ್ಟು ಹಿಡಿದಳು.

“ಒರೆಸ್ಬೇಡ. ನಿನ್ನ ಭಾವ ಇದ್ದಾಗಿನವರೆಗೂ ಹೋಗತ್ತಾ?”

ಹೋಗಬಹುದು, ಆದರೆ ದಾಟಿಹೋದದ್ದು ಮತ್ತೆ ಸಿಗುವುದಿಲ್ಲ ಎಂದ. ಅವಳು ಆಗಲೇ ಪೆಡಲಿನ ಮೇಲೆ ಕಾಲಿಟ್ಟಾಗಿತ್ತು. ತಮ್ಮ ಮೀಟಿದ, ಅಕ್ಕ ಒತ್ತಿದಳು. ಧಾರಾವಾಹಿಗಳ ಅಳು, ಬೀದಿನಾಯಿಗಳ ಜಗಳ, ತರಕಾರಿ ಗಾಡಿಯವನ ಕೂಗು ಎಲ್ಲ ಹಿಂದಾದವು. ಆಮೇಲೆ ಇದ್ದಕ್ಕಿದ್ದಂತೆ, ಗೇಟಿನ ಹತ್ತಿರದಿಂದ ಬಂದಂತೆ, ಆ ದನಿ.

“ವನಜಾ, ನನ್ನ ಕನ್ನಡಕ...”

ಅವಳು ಸ್ಪೀಕರಿನತ್ತ ಬಾಗಿದಳು. ಅಷ್ಟರಲ್ಲಿ ಸ್ಪೀಕರಿನಲ್ಲಿ ಇನ್ನೊಂದು ದನಿ ಎದ್ದಿತು, ಅವಳದೇ. ಕನ್ನಡಕದಿಂದ ಶುರುವಾಗಿ, ಅವನ ಮರೆವು, ಅವನ ಅಣ್ಣತಮ್ಮಂದಿರು, ಪಾಚಿಗಟ್ಟಿದ ಒಗೆಯುವ ಕಲ್ಲಿನವರೆಗೆ ಹೋಯಿತು. ಮತ್ತೆ ಒತ್ತಿದಳು. “ವನಜಾ, ಈ ಸಾರು...” ಅಂದನಷ್ಟೆ, ಸಾರಿಗೇನಾಗಿದೆ ಎಂದು ಮೇಲೆ ಬಿದ್ದಳು ಹಳೆಯ ವನಜಾಕ್ಷಿ. ಒಂದು ಸಲ ಸಾಕು ಅಂದಿದ್ದವಳಿಗೆ ಈಗ ಎಷ್ಟಾದರೂ ಸಾಲದು. ಎಷ್ಟು ಹಿಂದೆ ಹೋದರೂ ಅವನು ಬಾಯಿ ತೆರೆಯುತ್ತಿದ್ದ, ಉಳಿದದ್ದನ್ನೆಲ್ಲ ಅವಳ ಮಾತೇ ತುಂಬಿಕೊಳ್ಳುತ್ತಿತ್ತು.

“ಬಾಯ್ಮುಚ್ಚೇ ಸ್ವಲ್ಪ! ಅವರು ಮಾತಾಡ್ಲಿ!” ಎಂದು ಸ್ಪೀಕರಿಗೆ ಕೂಗಿ, ಸೆರಗಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಳುತ್ತಲೇ ಇನ್ನೊಮ್ಮೆ ಒತ್ತಿದಳು. ಬಿಸಿಲಿಗೆ ಒಣಗುತ್ತಿದ್ದ ಹಸಿರು ಬಣ್ಣ ಸ್ವಿಚ್ಚನ್ನು ಒತ್ತಿದಲ್ಲೇ ಕಚ್ಚಿಕೊಂಡಿತು. ಮಾತಿಲ್ಲ. ಮನೆ ತುಂಬ ಗಂಗಾಧರನ ಗೊರಕೆ, ಉದ್ದಕ್ಕೆ, ನಿಧಾನಕ್ಕೆ, ಯಾರ ಅಡ್ಡಿಯೂ ಇಲ್ಲದೆ. ಬಣ್ಣ ಕೆರೆದು ಸ್ವಿಚ್ ಬಿಡಿಸಿಕೊಡುತ್ತೇನೆಂದ ತಮ್ಮ. ಅವಳು ಬೇಡವೆಂದಳು. ತಾನು ನಡುವೆ ಬಾಯಿ ಹಾಕದೆ ಬಿಟ್ಟದ್ದು ಇದೊಂದನ್ನೇ ಎಂದು ಅವಳಿಗೆ ಅರ್ಥವಾಗಿತ್ತು. ಸಂಜೆಯ ಕಾರ್ಯಕ್ರಮಕ್ಕೆ ಮೃತ್ಯುಂಜಯ ಬರಿಯ ಗಿಟಾರು ಹಿಡಿದು ಹೋದ.

ಈಗ ಮಧ್ಯಾಹ್ನದ ಊಟವಾದ ಮೇಲೆ ವನಜಾಕ್ಷಿ ಪೆಡಲನ್ನೂ ಸ್ಪೀಕರನ್ನೂ ದಿಂಬಿನ ಪಕ್ಕದಲ್ಲಿಟ್ಟುಕೊಂಡು, ಪ್ಲಗ್ ಹಾಕಿ ಒರಗುತ್ತಾಳೆ. ನಿದ್ದೆ ಹತ್ತುವ ಹೊತ್ತಿಗೆ, “ಆ ಕಡೆ ಮಗ್ಗುಲಾಗ್ರೀ” ಎಂದು ಗೊಣಗುತ್ತಾಳೆ. ಪೆಡಲ್ ಅವಳ ಮಾತು ಕೇಳುವುದಿಲ್ಲ. ಅವನಾದರೂ ಎಲ್ಲಿ ಕೇಳುತ್ತಿದ್ದ!