ನಾಲ್ಕನೇ ತಿಂಗಳಿಗೇ ನಿಂತ ಹಾಡು

ಕಳ್ಳನನ್ನಾದರೂ ಕ್ಷಮಿಸಬಹುದು, ಕೇಳದೆ ಮನೆ ಒಪ್ಪ ಮಾಡಿಕೊಡುವವರನ್ನು ಮಾತ್ರ ಕ್ಷಮಿಸಬಾರದು ಎಂಬುದು ನನ್ನ ಬಹುದಿನದ ಸಿದ್ಧಾಂತ. ಕಳ್ಳ ಬಂದು ಹೋದರೆ ಏನು ಹೋಯಿತೆಂದು ಗೊತ್ತಾಗುತ್ತದೆ. ಒಪ್ಪ ಮಾಡುವವರು ಬಂದು ಹೋದ ಮೇಲೆ ಎಲ್ಲವೂ ಮನೆಯಲ್ಲೇ ಇರುತ್ತದೆ, ಆದರೆ ಯಾವುದೂ ಸಿಗುವುದಿಲ್ಲ. ನನ್ನ ತಂಗಿ ಒಮ್ಮೆ ಧಾರವಾಡದಿಂದ ಬಂದವಳು, ಪಾಪ, ವೈನಿಗೆ, ಅಂದರೆ ಅತ್ತಿಗೆಗೆ, ಅನುಕೂಲವಾಗಲಿ ಎಂದು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟು ಹೋದಳು. ಎಂಟು ದಿನ ನಮ್ಮ ಮನೆಯಲ್ಲಿ ಒಗ್ಗರಣೆಯ ಎಣ್ಣೆ ಕಾದು ಹೊಗೆಯಾಡುತ್ತಿತ್ತು, ಸಾಸಿವೆ ಸಿಗುತ್ತಿರಲಿಲ್ಲ. ನನ್ನ ಹೆಂಡತಿ ಶಾಂತಾ ತುಟಿ ಪಿಟಕ್ಕೆನ್ನಲಿಲ್ಲ. ನಾನು ಮಾತ್ರ ತಿಂಗಳುಗಟ್ಟಲೆ ಅದನ್ನೇ ಆಡಿಕೊಂಡೆ. ಅಷ್ಟಕ್ಕೂ ಒಗ್ಗರಣೆ ಹಾಕುವವಳು ಅವಳು, ಸಿಟ್ಟು ಬಂದದ್ದು ನನಗೆ.

ಹಾಗಂತ ಬದಲಾವಣೆ ಎಂದರೆ ಮೈ ಉರಿಯುವ ಮನುಷ್ಯ ನಾನಲ್ಲ. ಇಪ್ಪತ್ತೆರಡು ವರ್ಷದ ಕೆಳಗೆ ಧಾರವಾಡ ಬಿಟ್ಟು ಕೊಂಕಣಿ ಸೀಮೆಯ ಕುಂಡಯಿಯ ಕಾರ್ಖಾನೆಯೊಂದರ ಮೇಂಟೆನನ್ಸ್ ವಿಭಾಗಕ್ಕೆ ಬಂದವನು. ಫೋಂಡಾದಲ್ಲಿ ಮನೆ ಮಾಡಿದೆವು. ಬೆಳಗಿನ ರೊಟ್ಟಿಯ ಜಾಗಕ್ಕೆ ಸೈಕಲ್ ಮೇಲೆ ಬರುವ ಪೋಯಿ ಬ್ರೆಡ್ ಬಂತು, ಒಪ್ಪಿಕೊಂಡೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಪಾಸ್‌ಪೋರ್ಟ್ ಎಲ್ಲಕ್ಕೂ ಬೂಷ್ಟು ಹಿಡಿಯಿತು, ಒರೆಸಿಕೊಂಡೆ. ಕೊಂಕಣಿ ಕಲಿತೆ. ಅಂದರೆ ನಾನು ಆಡುವುದನ್ನು ಕೊಂಕಣಿ ಎಂದು ಇಲ್ಲಿಯ ಜನ ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರು. ಇಷ್ಟೆಲ್ಲ ಜೀರ್ಣಿಸಿಕೊಂಡವನು ಕಳೆದ ತಿಂಗಳು ಒಂದು ಬುಧವಾರ ಬೆಳಿಗ್ಗೆ ಫೋನಿನಲ್ಲಿ ಹಾಡು ಕೇಳುವ ಆ್ಯಪ್ ತೆರೆದು ಕೂತಲ್ಲೇ ಬೆವೆತೆ.

ಮೊದಲು ಆ ಆ್ಯಪ್ ಭಾಳ ಸಾದಾ ಇತ್ತು. ಕಪ್ಪು ಪರದೆ, ಅದರ ಮೇಲೆ ಸಾಲಾಗಿ ಹಳದಿ ಫೋಲ್ಡರುಗಳು. ಒತ್ತಿದರೆ ತೆರೆಯುತ್ತಿತ್ತು, ಒತ್ತಿದ್ದು ಹಾಡುತ್ತಿತ್ತು. ಅದು ತಾನೇ ಅಪ್‌ಡೇಟ್ ಆಗಿಬಿಟ್ಟಿತ್ತು. ಪರದೆ ಬೆಳ್ಳಗೆ, ಅದರಲ್ಲಿ ನೇರಳೆ ಬಣ್ಣದ ಅಲೆಗಳು ಸುಮ್ಮನೆ ಹೊಯ್ದಾಡುತ್ತಿದ್ದವು. ಮೇಲ್ಗಡೆ ‘ನಮಸ್ಕಾರ! ಇಂದು ನಿಮ್ಮ ಮನಸ್ಸು ಹೇಗಿದೆ?’ ಎಂಬ ಪ್ರಶ್ನೆ. ಅದು ಕೇಳುವ ತನಕ ಚಲೋನೇ ಇತ್ತು. ಕೆಳಗೆ ಖುಷಿ, ಶಾಂತ, ಪಾರ್ಟಿ, ಜಿಮ್ ಎಂಬ ಗುಂಡಗುಂಡನೆಯ ಚಿತ್ರಗಳು. ಎಲ್ಲ ಒತ್ತಿ ನೋಡಿದೆ. ಜಿಮ್ ಕೂಡ ಒತ್ತಿದೆ, ಈ ಹೊಟ್ಟೆ ಇಟ್ಟುಕೊಂಡು! ಫೋಲ್ಡರುಗಳು ಎಲ್ಲೂ ಇರಲಿಲ್ಲ.

ಆ ಫೋಲ್ಡರುಗಳಲ್ಲಿ ಒಂದರ ಹೆಸರು ‘ಅವ್ವ’. ನನ್ನ ತಾಯಿ ವರ್ಷಕ್ಕೆರಡು ಸಲ ನಮ್ಮಲ್ಲಿಗೆ ಬರುತ್ತಿದ್ದಳು. ಅಕ್ಕಿ ಆರಿಸುವಾಗ, ಹೂಬತ್ತಿ ಹೊಸೆಯುವಾಗ ಹಾಡಿಕೊಳ್ಳುವುದು ಅವಳ ರೂಢಿ. ಸೋಬಾನೆ, ಆರತಿ ಹಾಡು, ತೊಟ್ಟಿಲ ಹಾಡು, ಹೆಣ್ಣು ಒಪ್ಪಿಸುವ ಹಾಡು. ನಾನು ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಫೋನು ಮುಂದೆ ಹಿಡಿಯುತ್ತಿದ್ದೆ. “ಏನೋ ಅದು, ಜ್ವರ ನೋಡಾಂವನಂಗ ಬಾಯಿ ಮುಂದ ಹಿಡದೀ!” ಎಂದು ಬೈದು, ಒಂದಿಷ್ಟು ಹಾಡಿ, ಸೆರಗು ಬಾಯಿಗಿಟ್ಟು ನಕ್ಕು ಸುಮ್ಮನಾಗುತ್ತಿದ್ದಳು. ಹಾಗೆ ಮೂವತ್ತೊಂದು ಹಾಡು ಕೂಡಿದವು. ನಾಲ್ಕು ವರ್ಷದ ಹಿಂದೆ ಅವ್ವ ಹೋದಳು. ಆಮೇಲೆ ನನಗೆ ಆ ಫೋಲ್ಡರ್ ಎಂದರೆ ಅವ್ವನೇ ಆಯಿತು. ಮನಸ್ಸಿಗೆ ಬೇಸರವಾದಾಗ ಅದನ್ನು ತೆರೆಯಲಿಕ್ಕೂ ಬೇಕಿರಲಿಲ್ಲ, ಇದೆ ಎಂದು ನೋಡಿದರೆ ಸಾಕಿತ್ತು.

ಅದರಿಂದ ನನಗೊಂದು ಪದವಿಯೂ ಸಿಕ್ಕಿತ್ತು. ನಮ್ಮ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಬಸುರಿಯ ಕುಬಸವಾಗಲಿ, ಕೂಸಿನ ತೊಟ್ಟಿಲಾಗಲಿ, ಹಾಡು ಬಲ್ಲ ಹಿರಿಯ ಹೆಂಗಸರು ಇಲ್ಲ, ಎಲ್ಲ ಊರಲ್ಲಿ ಉಳಿದವರು. ಹಾಗಾಗಿ “ಹಾಡಿನ ಕಾಕಾನ್ನ ಕರೀರಿ” ಎನ್ನುವುದು ರೂಢಿಯಾಯಿತು. ನಾನು ಫೋನು, ಸ್ಪೀಕರು ಹಿಡಿದು ಹೋಗುತ್ತಿದ್ದೆ. ಹೆಂಗಸರ ನಡುವೆ ಕುರ್ಚಿ ಹಾಕಿಸಿಕೊಂಡು ಕೂಡುವ ಒಬ್ಬನೇ ಗಂಡಸು ನಾನು. ಯಾರಾದರೂ ಜೊತೆಗೆ ಗುನುಗಿದರೆ ಬೆರಳೆತ್ತಿ “ಶ್! ಅವ್ವ ಹಾಡಾಕತ್ತಾಳ” ಎನ್ನುತ್ತಿದ್ದೆ. ಈ ಬೆರಳಿಗೆ ಶಾಂತಾ ಕೂಡ ಹೊರತಾಗಿರಲಿಲ್ಲ.

ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಏಳನೇ ನಂಬರಿನ ಬಯಕೆ ಹಾಡಿಗೆ. ಬಸುರಿಗೆ ಒಂದನೇ ತಿಂಗಳಲ್ಲಿ ಏನೂ ತಿಳಿಯದು, ಎರಡರಲ್ಲಿ ಹುಣಸೆ ಚಿಗುರು ಬೇಕು, ಮೂರರಲ್ಲಿ ಎಳೆ ಜೋಳದ ಸೀತನಿ, ನಾಲ್ಕರಲ್ಲಿ ಬೆಲ್ಲ ಹಚ್ಚಿದ ಮಾವಿನಕಾಯಿ. ಅಲ್ಲಿಗೆ ಹಾಡು ಮುಗಿಯುತ್ತಿತ್ತು, ಎಂಟನೇ ನಂಬರಿನ ಆರತಿ ಹಾಡು ಶುರುವಾಗುತ್ತಿತ್ತು. ಯಾರೋ ಒಮ್ಮೆ, “ನಾಲ್ಕಕ್ಕ ಯಾಕ ನಿಂತತ್ರಿ ಕಾಕಾ?” ಎಂದು ಕೇಳಿದ್ದರು. “ನಾಲ್ಕು ತಿಂಗಳಾದ ಮ್ಯಾಲೆ ವಾಂತಿ ನಿಲ್ತಾವಲ್ರಿ, ಬಯಕಿನೂ ನಿಲ್ತಾವ. ನಮ್ಮ ಹಿರ್ಯಾರು ಎಷ್ಟ ವಿಚಾರ ಮಾಡಿ ಕಟ್ಟ್ಯಾರ ನೋಡ್ರಿ” ಎಂದು ಉಪನ್ಯಾಸ ಕೊಟ್ಟಿದ್ದೆ. ಎದುರಿಗೆ ಕೂತವರೆಲ್ಲ ಎರಡೆರಡು ಹೆತ್ತವರು. ಪುಣ್ಯಾತ್ಗಿತ್ತಿಯರು ಒಬ್ಬರೂ ನಗಲಿಲ್ಲ.

ಆ ಭಾನುವಾರವೇ ದೀಪಾಳ ಕುಬಸ. ದೀಪಾ ನಮ್ಮ ಕಟ್ಟಡದ ಮೂರನೇ ಮಹಡಿಯ ಕಮಲಕ್ಕನ ಮಗಳು, ಮದುವೆಯಾಗಿ ಒಂದನೇ ಮಹಡಿಗೆ ಹೋದವಳು. ನಡುವಿನ ಎರಡನೇ ಮಹಡಿ ನಮ್ಮದು. ಸಣ್ಣವಳಿದ್ದಾಗ ನಮ್ಮ ಅವ್ವನೇ ಅವಳ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದಳು. ಹಿಂದಿನ ವಾರ ಮೆಟ್ಟಿಲಲ್ಲಿ ಸಿಕ್ಕು, “ಕಾಕಾ, ಮತ್ತೇನಿಲ್ಲದಿದ್ರೂ ನಡೀತದ, ಅಜ್ಜಿ ಬಯಕಿ ಹಾಡು ಮಾತ್ರ ಇರ್ಲೇಬೇಕು” ಎಂದಿದ್ದಳು. ಇರ್ತದವ್ವಾ ಎಂದು ಮಾತು ಕೊಟ್ಟಿದ್ದೆ. ಬಸುರಿಗೆ ಕೊಟ್ಟ ಮಾತು ತಪ್ಪಿದವನು ನಮ್ಮ ಕಡೆ ಮುಖ ಎತ್ತಿ ತಿರುಗುವ ಹಾಗಿಲ್ಲ.

ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನ ಎಂಜಿನಿಯರ್ ಪ್ರಾಜಕ್ತಾಳಿಗೆ ಊಟದ ಹೊತ್ತಿನಲ್ಲಿ ಫೋನು ತೋರಿಸಿದೆ. ಪೆಂಡಿಂಗ್ ಕೆಲಸ ಹೇಳಿದರೆ ಅರ್ಧ ಗಂಟೆ ಯೋಚಿಸುವ ಹುಡುಗಿ ಇದನ್ನು ಅರ್ಧ ನಿಮಿಷ ನೋಡಿ, “ಅಪ್‌ಡೇಟ್ ಜಾಲಾಂ ಸರ್. ಆತಾಂ ಅಶೆಂಚ್” ಎಂದಳು. ಅಪ್‌ಡೇಟ್ ಆಗಿದೆ, ಇನ್ನು ಮೇಲೆ ಹೀಗೇ ಎಂದು ಅರ್ಥ. ಡಾಕ್ಟರು ಸಕ್ಕರೆ ಕಾಯಿಲೆ ಇದೆ ಎಂದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ. ಆಮೇಲೆ ಅವಳೇ ಎಲ್ಲೆಲ್ಲೋ ಒತ್ತಿ, ‘ಅಜ್ಞಾತ ಕಲಾವಿದರು’ ಎಂಬ ಒಂದು ಪಟ್ಟಿ ತೆಗೆದಳು. ಫೋನಿನಲ್ಲಿ ನಾನು ಕೈಯಾರೆ ರೆಕಾರ್ಡ್ ಮಾಡಿದ್ದೆಲ್ಲವನ್ನೂ ಆ್ಯಪ್ ಒಂದೇ ಕೋಣೆಗೆ ನೂಕಿ ಬಾಗಿಲು ಹಾಕಿತ್ತು. ಹೋಗಿರಲಿಲ್ಲ, ಇದ್ದವು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಹುಡುಗಿ ಮರ್ಯಾದೆಯಿಂದ ಕಿಟಕಿ ಕಡೆ ನೋಡಿದಳು.

ಆದರೆ ನೀರು ಒರೆಸಿಕೊಂಡು ನೋಡಿದರೆ ಹೊಸ ಪೀಕಲಾಟ. ಮೇಂಟೆನನ್ಸಿನವನ ಬುದ್ಧಿ ನೋಡಿ: ನಾನು ಯಾವುದಕ್ಕೂ ಹೆಸರಿಡುವವನಲ್ಲ, ನಂಬರು ಹಾಕುವವನು. ಅವ್ವನ ಹಾಡುಗಳು 01ರಿಂದ 31. ಕಾರ್ಖಾನೆಯ ಕಂಪ್ರೆಸರ್ ಬೇರಿಂಗ್ ಕೆಟ್ಟಾಗ ಕಂಪನಿಯವರಿಗೆ ಕಳಿಸಲು ಹಿಡಿದ ಕರಕರ ಸದ್ದುಗಳು, ಅವೂ 01ರಿಂದ. ಶಾಂತಾ ಹೇಳಿದ ಕಿರಾಣಿ ಸಾಮಾನಿನ ಯಾದಿಗಳು, ಅವೂ 01ರಿಂದ. “ನಾನು ಗೊರಕಿ ಹೊಡಿಯೂದಿಲ್ಲ” ಎಂದು ನಾನು ವಾದ ಮಾಡಿದ್ದಕ್ಕೆ ಶಾಂತಾ ಸಾಕ್ಷಿಗೆಂದು ಹಿಡಿದಿಟ್ಟ ನನ್ನದೇ ಗೊರಕೆಗಳನ್ನೂ ನಾನು ಶಿಸ್ತಾಗಿ ನಂಬರು ಹಾಕಿ ಇಟ್ಟಿದ್ದೆ. ಫೋಲ್ಡರುಗಳಿದ್ದಾಗ ಇವೆಲ್ಲ ತಂತಮ್ಮ ಮನೆಗಳಲ್ಲಿ ಸುಖವಾಗಿದ್ದವು. ಈಗ ನಾಲ್ಕು ಏಳು, ನಾಲ್ಕು ಎಂಟು, ಅವೂ ಸಾಲಾಗಿರದೆ ನೂರಾರು ಸದ್ದುಗಳ ನಡುವೆ ಚೆದುರಿ, ತೆರೆದಾಗಲೆಲ್ಲ ಜಾಗ ಬದಲಿಸಿ. ಮೂರು ದಿನ ಒಂದೊಂದೇ ಒತ್ತಿ ಕೇಳಿದೆ. ಕೊನೆಗೆ ಅವ್ವನ ಏಳು ಸಿಕ್ಕಿತು. ಅದರ ಪಕ್ಕಕ್ಕೆ ಹೃದಯದ ಗುರುತು ಒತ್ತಿದೆ. ಆ ಖುಷಿಯಲ್ಲಿ ಎಂಟನೆಯದನ್ನು ಹುಡುಕುವುದು ಮರೆತೇ ಹೋಯಿತು. ಹಳೇ ರೂಢಿ, ಏಳಾದ ಮೇಲೆ ಎಂಟು ತಾನೇ ಬರುತ್ತದಲ್ಲ ಎಂದು.

ಭಾನುವಾರ ದೀಪಾಳ ಮನೆಯ ಪಡಸಾಲೆ ತುಂಬಿತ್ತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿಸಿಕೊಂಡು ಮಣೆಯ ಮೇಲೆ ಕೂತ ದೀಪಾ ನನ್ನನ್ನು ನೋಡಿ ನಕ್ಕಳು. ಕಮಲಕ್ಕ ಆರತಿ ತಟ್ಟೆ ಹಿಡಿದು ನಿಂತರು. ನಾನು ಹೃದಯ ಒತ್ತಿದೆ. ಅವ್ವ ಹಾಡಿದಳು! ಕುರ್ಚಿಯಲ್ಲಿ ಒರಗಿ ಬೆರಳು ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದೆ. ಹುಣಸೆ ಚಿಗುರು ಆಯಿತು, ಸೀತನಿ ಆಯಿತು, ಬೆಲ್ಲ ಹಚ್ಚಿದ ಮಾವಿನಕಾಯಿ ಆಯಿತು. ಕಮಲಕ್ಕ ಆರತಿ ಎತ್ತಿದರು. ಸ್ಪೀಕರಿನಿಂದ ನನ್ನ ಗೊರಕೆ ಬಂತು.

ಅಂಥಿಂಥ ಗೊರಕೆ ಅಲ್ಲ. ಆ ಸ್ಪೀಕರನ್ನು ನಾನೇ ಆರಿಸಿ ತಂದದ್ದು, ಒಳ್ಳೇ ದಪ್ಪ ದನಿಯದು. ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮೂಲೆಯಿಂದ ಯಾರೋ, “ಅಯ್ಯ, ಕಾಕಾಂದು!” ಎಂದರು. ನಗೆಯ ಹೊಡೆತಕ್ಕೆ ಆರತಿಯ ದೀಪ ಅಲ್ಲಾಡಿತು. ನಿಲ್ಲಿಸಲು ಹೋದೆ. ನಿಲ್ಲಿಸುವ ಗುಂಡಿ ಇದ್ದಲ್ಲಿ ಈಗ ನೇರಳೆ ಅಲೆ. ಅಲೆಯನ್ನು ಒತ್ತಿದೆ, ಗೊರಕೆ ಹೋಗಿ ಕಂಪ್ರೆಸರ್ ಬಂತು. ಮತ್ತೆ ಒತ್ತಿದೆ, “ಎರಡ ಕಿಲೋ ತೊಗರಿಬ್ಯಾಳಿ, ಹಿಂಗು ಮರೀಬ್ಯಾಡ್ರಿ” ಎಂದು ಶಾಂತಾ ಸ್ಪೀಕರಿನಿಂದ ನನಗೆ ತಾಕೀತು ಮಾಡಿದಳು. ದೀಪಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಅತ್ತೆಯವರು ಗಾಬರಿಯಾಗಿ, “ಸಾವಕಾಶ, ಸಾವಕಾಶ” ಎನ್ನುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಟ್ಟಿದ್ದರೂ ತಳಮಹಡಿಯವರ ಮನೆಗೆ ಬೀಳುತ್ತಿದ್ದೆ.

ಆಗ ಶಾಂತಾ ಎದ್ದು ಬಂದು ಸ್ಪೀಕರಿನ ವಯರು ಕಿತ್ತಳು. ತಿರುಗಿ ಹೋಗಿ ಕೂರುವುದರೊಳಗೆ, ಕೂತೂ ಕೂರದೆ, ಹಾಡತೊಡಗಿದಳು. ಐದನೇ ತಿಂಗಳು.

ಐದರಲ್ಲಿ ಎಳೆ ಸೌತೆಕಾಯಿ ಬೇಕು. ಆರರಲ್ಲಿ ಮಜ್ಜಿಗೆ ಕಲಸಿದ ಬಾನ, ಆ ತಣ್ಣನೆಯ ಅನ್ನ ಬೇಕು. ಅದೇ ಧಾಟಿ, ಅವ್ವ ಉಸಿರು ಎಳೆದುಕೊಳ್ಳುತ್ತಿದ್ದಲ್ಲೇ ಉಸಿರು. ನಗುತ್ತಿದ್ದವರು ಸೆರಗು ಸರಿಮಾಡಿಕೊಂಡು ಅವಳ ಕಡೆ ತಿರುಗಿ ಕೂತರು. ಏಳನೇ ತಿಂಗಳಿಗೆ ಬಸುರಿಗೆ ಹುಳಿ ಬೇಡ, ಸಿಹಿ ಬೇಡ, ಯಾವುದೂ ಬೇಡ, ಹಡೆದವ್ವನ ಮುಖವೊಂದು ನೋಡಿದರೆ ಸಾಕು ಎನ್ನುತ್ತದೆ ಹಾಡು. ದೀಪಾ ಬಿಕ್ಕಿಬಿಟ್ಟಳು. ಹಡೆದವ್ವ ಎದುರಿಗೇ ಆರತಿ ಹಿಡಿದು ನಿಂತಿದ್ದಾರೆ, ತವರು ಎರಡು ಮಹಡಿ ಮೇಲಿದೆ, ಆದರೂ ಅತ್ತಳು. ಕಮಲಕ್ಕನೂ ಅತ್ತರು. ನಾನು ಫೋನಿನಲ್ಲಿ ಏನೋ ಹುಡುಕುವವನ ಹಾಗೆ ತಲೆ ಬಗ್ಗಿಸಿದೆ. ನನಗೂ ನಮ್ಮ ಅವ್ವನ ಮುಖ ನೋಡಬೇಕೆನಿಸಿತ್ತು.

ಮುಗಿದ ಮೇಲೆ ಮೆಟ್ಟಿಲು ಹತ್ತುತ್ತ ಕೇಳಿದೆ, “ಅಲ್ಲ, ಉಳದದ್ದು ನಿನಗ ಹೆಂಗ ಗೊತ್ತು?”

“ಹೆಂಗ ಅಂದ್ರ? ಅತ್ತಿಯವರಽ ಕಲಿಸಿದ್ರು. ಒಂಬತ್ತೂ ತಿಂಗಳದ ಐತಿ. ನೀವು ಫೋನ್ ಹಿಡಕೊಂಡು ಬಂದ್ರ ಅವರಿಗೆ ನಾಚಿಕಿ, ಅರ್ಧಕ್ಕ ಬಿಡ್ತಿದ್ರು. ನೀವು ಆ ಕಡೆ ಹೋದ್ರೋ ಇಲ್ಲೋ, ಪೂರ್ತಿ ಹಾಡ್ತಿದ್ರು. ಬರೇ ಇದೊಂದ ಅಲ್ಲ, ಮೂವತ್ತೊಂದೂ ಹಂಗಽ.”

ನನಗೆ ಮೆಟ್ಟಿಲ ಮೇಲೇ ಕಾಲು ನಿಂತಿತು. “ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀವು ಬಾಯಿ ತಗಿಯಾಕ ಎಲ್ಲಿ ಬಿಟ್ರಿ?” ಎಂದು ಅವಳು ಬೀಗದ ಕೈ ಹುಡುಕತೊಡಗಿದಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ನಾನು ಜಗಳವಾದರೂ ಆಡಬಹುದಿತ್ತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾನಂತೂ ಹಿತ್ತಲ ಗಿಡಕ್ಕೆ ಶ್ ಎಂದು ಬೆರಳು ತೋರಿಸಿ ಕೂರಿಸಿದ್ದ ಮಹಾನುಭಾವ. ಕುಬಸದ ಮರುವಾರವೇ ಆ್ಯಪ್ ಮತ್ತೊಮ್ಮೆ ಅಪ್‌ಡೇಟ್ ಆಯಿತು. ಜನರೆಲ್ಲ ಬೈದಿರಬೇಕು, ಫೋಲ್ಡರುಗಳನ್ನು ತಿರುಗಿ ಕೊಟ್ಟಿದ್ದಾರೆ. ನೋಡಿ ಸಂತೋಷಪಟ್ಟೆ. ಆದರೆ ಈಗ ಅಲ್ಲಿರುವುದು ಮೂವತ್ತೊಂದು ಅರ್ಧ ಹಾಡುಗಳು ಎಂದು ನನಗೆ ಗೊತ್ತಿದೆ. ಉಳಿದರ್ಧ ತುಂಬಿಕೊಳ್ಳೋಣವೆಂದು ಶಾಂತಾಳ ಮುಂದೆ ಫೋನು ಹಿಡಿದೆ. ಎರಡು ನುಡಿ ಹಾಡಿ, ಸೆರಗು ಬಾಯಿಗಿಟ್ಟು ನಕ್ಕು, “ಅದನ್ನ ಆ ಕಡೆ ಇಟ್ಟು ಬರ್ರಿ ಮೊದಲ” ಎಂದಳು.

ಇಟ್ಟು ಬಂದೆ. ಬೇರೆ ದಾರಿಯಿಲ್ಲದೆ ಈಗ ಬಾಯಿಪಾಠ ಮಾಡುತ್ತಿದ್ದೇನೆ. ರಜೆಯ ದಿನ ಬೆಳಿಗ್ಗೆ ಅವಳು ಸೊಪ್ಪು ಸೋಸುತ್ತಾಳೆ, ನಾನು ಎದುರಿಗೆ ಕೂತು ಒಪ್ಪಿಸುತ್ತೇನೆ. ಐವತ್ನಾಲ್ಕರ ತಲೆ, ಆರನೇ ತಿಂಗಳು ಬರುವಷ್ಟರಲ್ಲಿ ಮೂರನೆಯದು ಬಿದ್ದುಹೋಗಿರುತ್ತದೆ. “ತಪ್ಪು” ಎಂದು ಅವಳು ಮೊದಲಿನಿಂದ ಹಾಡಿ ತೋರಿಸುತ್ತಾಳೆ. ನಿಜ ಹೇಳಬೇಕೆಂದರೆ ಕಳೆದ ಎರಡು ವಾರಗಳಿಂದ ಒಂಬತ್ತೂ ತಿಂಗಳು ನನಗೆ ಸರಿಯಾಗಿ ಬರುತ್ತವೆ. ಆದರೂ ಪ್ರತಿ ಸಲ ಏಳನೇ ತಿಂಗಳಿಗೆ ಬಂದಾಗ ಬೇಕೆಂದೇ ತಪ್ಪುತ್ತೇನೆ.